ಹಿಮ್ಮೆಟ್ಟುವುದಕ್ಕೆ ಕಾಲು ಬೇಕು

ಗೆಳೆಯರೇ, ವಿದ್ಯಾರ್ಥಿಗಳೇ,

ಚಿಕ್ಕಬಳ್ಳಾಪುರದಿಂದ ನಂದಿಯ ಕಡೆಗೆ ಹೋಗುವಾಗ ದ್ರಾಕ್ಷಿ ತೋಟವೊಂದರ ಪಕ್ಕ 'ರಿಟ್ರೀಟ್' ಎಂಬ ಫಲಕ ಕಂಡಿತು. ಬಸ್ಸಿನಲ್ಲಿ ಜೊತೆಗೆ ಕುಳಿತಿದ್ದ ಹಿರಿಯರು, 'ಹಾಗೆಂದರೇನು ಸ್ವಾಮಿ?' ಎಂದರು. ನಿಘಂಟಿನ ಮೊದಲ ಅರ್ಥವನ್ನೇ ಒಪ್ಪಿಸಿದೆ: ಹಿಮ್ಮೆಟ್ಟುವುದು. 'ಯಾರಿಗೆ ಸೋತು?' ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ. 'ರೆ' ಎಂದರೆ ಹಿಂದಕ್ಕೆ, 'ತ್ರಾಹೆರೆ' ಎಂದರೆ ಎಳೆ. ನಮ್ಮ ಹೊಲ ಉಳುವ ಟ್ರ್ಯಾಕ್ಟರೂ ಇದೇ ಬೇರಿನದು. ಹಾಗಾಗಿ ಮೂಲದಲ್ಲಿ ಸೋಲಿನ ಸುಳಿವಿಲ್ಲ, ಇರುವುದು ಬರೀ ಎಳೆತ. ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ ಗಣರಾಜ್ಯೋತ್ಸವಕ್ಕೆ ತೆರೆ ಎಳೆಯಲು ನಡೆಯುವ ಸೇನಾ ವಾದ್ಯಮೇಳ 'ಬೀಟಿಂಗ್ ರಿಟ್ರೀಟ್' ಕೂಡ ಓಡಿಹೋದವರ ನೆನಪಲ್ಲ. ಹಿಂದೆ ಹೊತ್ತು ಮುಳುಗಿದಾಗ ಕಹಳೆ ಊದಿ ಕಾಳಗ ನಿಲ್ಲಿಸಿ ಸೈನಿಕರನ್ನು ಶಿಬಿರಕ್ಕೆ ಕರೆಯುತ್ತಿದ್ದ ಪದ್ಧತಿಯ ಉಳಿಕೆ. ಬೇಸಿಗೆಗೆಂದು ನಂದಿ ಬೆಟ್ಟದ ಮೇಲೆ ಮನೆ ಕಟ್ಟಿಕೊಂಡ, ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಕಬ್ಬನ್ ಸಾಹೇಬರೂ ಸೆಕೆಗೆ ಬಿಟ್ಟರೆ ಯಾರಿಗೂ ಸೋತವರಲ್ಲ. ಅಂಥ ಜಾಗವನ್ನು ಹಿರಿಯರು ಕೊನೆಗೆ 'ಬಿಡಾರ ಎನ್ನಿ, ಸಾಕು' ಎಂದರು. ಏಕಾಂತಧಾಮ, ವಿಶ್ರಾಂತಿಧಾಮ ಎಂದೆಲ್ಲ ತಡಕಾಡುತ್ತಿದ್ದ ನನಗೆ ನಾಚಿಕೆಯಾಯಿತು.

ಕನ್ನಡ ಇಂಥಲ್ಲಿ ಬಲು ಜಿಪುಣತನ ಮಾಡುವುದಿಲ್ಲ. ಹಿಂದಕ್ಕೆ ಹೋದದ್ದು ಏನು ಎಂದು ಮೊದಲು ಕೇಳುತ್ತದೆ. ಕಾಲಾದರೆ ಹಿಮ್ಮೆಟ್ಟು; ಆ ಪದದೊಳಗೆ 'ಮೆಟ್ಟು' ಇದೆ. ಮನಸ್ಸಾದರೆ ಹಿಂಜರಿ. ಮಾತು ಕೊಟ್ಟವನು ಹಿಂದೆ ಸರಿಯುತ್ತಾನೆ, ಕೆಲಸಗಳ್ಳ ಜಾರಿಕೊಳ್ಳುತ್ತಾನೆ, ಸಾಲ ಕೇಳಿದರೆ ನೆಂಟ ಹಿಂದೇಟು ಹಾಕುತ್ತಾನೆ. ಬೆನ್ನು ತೋರಿಸಿದವನಿಗೆ ಮಾತ್ರ ಅವಮಾನ. ಟಗರು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದರೆ ನಾವು ಅದನ್ನು ಹೇಡಿ ಎನ್ನುವುದಿಲ್ಲ, ದಾರಿ ಬಿಡುತ್ತೇವೆ.

ಆದ್ದರಿಂದಲೇ 'ಹಿಮನದಿಗಳು ಹಿಮ್ಮೆಟ್ಟುತ್ತಿವೆ' ಎಂಬ ಅನುವಾದ ನನಗೆ ಒಗ್ಗುವುದಿಲ್ಲ. ಹಿಮನದಿಯ ಮಂಜುಗಡ್ಡೆ ಆಗಲೂ ಇಳಿಜಾರಿನಲ್ಲಿ ಕೆಳಕ್ಕೇ ಹರಿಯುತ್ತಿರುತ್ತದೆ. ಬಂದಷ್ಟಕ್ಕಿಂತ ಹೆಚ್ಚು ಕರಗುವುದರಿಂದ ಅಂಚು ಮೇಲಕ್ಕೆ ಸರಿಯುತ್ತದೆ. ಅದು ಕುಗ್ಗುವುದು, ಅಷ್ಟೇ.

ಮಳೆಯದು ಇನ್ನೂ ಸೊಗಸು. ಅಕ್ಟೋಬರ್ ಹೊತ್ತಿಗೆ ನೈಋತ್ಯ ಮಾರುತ ದೇಶ ಬಿಟ್ಟು ಹೊರಡುವುದನ್ನು ಇಂಗ್ಲಿಷ್ ಪಠ್ಯ 'ರಿಟ್ರೀಟಿಂಗ್ ಮಾನ್ಸೂನ್' ಎನ್ನುತ್ತದೆ. ಹೋಗುವ ಗಾಳಿಯ ಬೆನ್ನು ನೋಡಿ ಇಟ್ಟ ಹೆಸರದು. ನಮ್ಮವರು ಹಿಂಗಾರು ಎಂದರು: ಹಿಂದಿನಿಂದ ಬರುವ ಕಾರು, ಅಂದರೆ ಮಳೆಗಾಲ; ಮುಂಗಾರಿನ ತಮ್ಮ. ನದಿಯ ಆಸರೆಯಿಲ್ಲದೆ ಕೆರೆಗಳನ್ನೇ ನೆಚ್ಚಿದ ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಜುಲೈ ಮೋಡಗಳು ಎಷ್ಟೋ ಸಲ ಮುಖ ತೋರಿಸಿ ಹೋಗುತ್ತವೆ. ಚಿತ್ತೆ, ಸ್ವಾತಿ ಮಳೆ ಜೋರಾಗಿ ಹಿಡಿದ ವರ್ಷ ಕೆರೆ ಕೋಡಿ ಬೀಳುತ್ತದೆ. ಊರ ಹೆಂಗಸರು ಅರಿಶಿನ ಕುಂಕುಮ ಹಿಡಿದು ಬಾಗಿನ ಕೊಡಲು ಕಟ್ಟೆಗೆ ಹೊರಡುತ್ತಾರೆ. ಆ ಕಟ್ಟೆಯ ಮೇಲೆ ನಿಂತು 'ಮಳೆ ಹಿಮ್ಮೆಟ್ಟುತ್ತಿದೆ' ಎಂದು ಹೇಳಿ ನೋಡಿ!

ವಿದ್ಯಾರ್ಥಿಗಳು ಮಾತ್ರ ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವಂತೆ 'ನಿರ್ಗಮನ ಮಾನ್ಸೂನ್' ಎಂದೇ ಬರೆಯಿರಿ. ನನ್ನ ಮಾತು ನಂಬಿ ಅಂಕ ಕಳೆದುಕೊಳ್ಳಬೇಡಿ.