ಒಂದು ಬ್ಯಾಟರಿ ಸಾಕಾ, ನಾಲ್ಕು ಬೇಕಾ?

ಮನೆಗೆ ಸೋಲಾರ್ ಅಂದ ತಕ್ಷಣ ಬರೋ ಮೊದಲ ಪ್ರಶ್ನೆ, "ಎಷ್ಟು ಪ್ಯಾನೆಲ್ ಹಾಕಿಸ್ಬೇಕು?" ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ. ಪ್ರತಿ ಉಪಕರಣದ ವಾಟನ್ನ ಅದು ದಿನಕ್ಕೆ ಓಡೋ ಗಂಟೆಯಿಂದ ಗುಣಿಸಿ, ಸಾವಿರದಿಂದ ಭಾಗಿಸಿದ್ರೆ ಯೂನಿಟ್ ಸಿಗುತ್ತೆ.

ಈಗ ಪರದೆ ಮೇಲಿರೋ ಒಂದು ಮನೆಯ ಪಟ್ಟಿ ನೋಡಿ. ಫ್ರಿಜ್ 1.2 ಯೂನಿಟ್. ಕಮ್ಮಿ ಕರೆಂಟ್ ತಿನ್ನೋ, 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಮೂರು, ಹತ್ತು ಗಂಟೆ, 0.9. ಎಂಟು ಎಲ್‌ಇಡಿ ಬಲ್ಬು, ತಲಾ 9 ವಾಟ್, ಐದು ಗಂಟೆ, 0.36. ಲ್ಯಾಪ್‌ಟಾಪ್ 0.36. ವೈಫೈ ರೂಟರ್ ಬರೀ 10 ವಾಟ್, ಆದ್ರೆ ಹಗಲೂ ರಾತ್ರಿ ಓಡುತ್ತಲ್ಲ, 0.24. ನೀರಿನ ಪಂಪು ಅರ್ಧ ಗಂಟೆ, 0.5. ಒಟ್ಟು 3.56. ಎಷ್ಟೋ ಜನ ಲೆಕ್ಕ ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ಇನ್ವರ್ಟರ್ ಹೊಟ್ಟೆಗೂ ಬೇಕಲ್ಲ! ಯಾವ ಲೋಡೂ ಇಲ್ಲದೆ 50 ವಾಟ್ ಎಳೆಯೋ ಇನ್ವರ್ಟರ್ ದಿನಕ್ಕೆ 1.2 ಯೂನಿಟ್ ತಿನ್ನುತ್ತೆ, ಅಂದ್ರೆ ಮನೇಲಿ ಇನ್ನೊಂದು ಫ್ರಿಜ್ ಇದ್ದ ಹಾಗೆ. ಬ್ಯಾಟರಿಯ ಡಿಸಿ ಕರೆಂಟು ಮನೆಯ ಎಸಿ ಕರೆಂಟಾಗಿ ಬದಲಾಗುವಾಗ ಸೋರಿ ಹೋಗೋ ಸುಮಾರು ಶೇ 10ನ್ನೂ ಸೇರಿಸಿದ್ರೆ 5.2 ಯೂನಿಟ್.

ಇನ್ನು ಬ್ಯಾಟರಿ. 51.2 ವೋಲ್ಟ್, 100 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 5.12 ಯೂನಿಟ್ ಹಿಡಿಸುತ್ತೆ. ಶೇ 80 ಬಳಸಿದ್ರೆ 4.1. ಸಂಜೆಯಿಂದ ಬೆಳಗಿನ ತನಕ ಈ ಮನೆಗೆ 3 ಯೂನಿಟ್ ಚಿಲ್ಲರೆ ಸಾಕು, ಹಾಗಾಗಿ ಒಂದೇ ಬ್ಯಾಟರಿಯಲ್ಲಿ ರಾತ್ರಿ ಕಳೆಯುತ್ತೆ. ಲೆಡ್ ಆಸಿಡ್ ಆದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಷ್ಟೇ ಕೆಲಸಕ್ಕೆ 8 ಯೂನಿಟಿನಷ್ಟು ಬ್ಯಾಟರಿ ಬೇಕು.

ಮೂರು ದಿನ ಸೂರ್ಯ ಮುಖ ತೋರಿಸದಿದ್ರೆ? ಆಗ 15.6 ಯೂನಿಟ್ ಬೇಕು, ನಾಲ್ಕು ಬ್ಯಾಟರಿ. ಆ ಹೆಚ್ಚಿನ ಮೂರು ಬ್ಯಾಟರಿಗಳು ವರ್ಷದಲ್ಲಿ ಕೆಲವೇ ದಿನ ಕೆಲಸ ಮಾಡ್ತವೆ, ಉಳಿದ ದಿನವೆಲ್ಲ ಸುಮ್ಮನೆ ಕೂತೇ ಮುದಿಯಾಗ್ತವೆ. ಗ್ರಿಡ್ ಲೈನ್, ಅಂದ್ರೆ ಬೀದಿ ಕಂಬದಿಂದ ಬರೋ ಕರೆಂಟ್ ಇರೋ ಮನೆಯವರು ಅದನ್ನ ಕಿತ್ತು ಹಾಕಬೇಡಿ ಅನ್ನೋದು ಇದಕ್ಕೇ. ಮೋಡದ ದಿನಗಳನ್ನ ಗ್ರಿಡ್‌ಗೆ ಬಿಡಿ. ಕೈಯಲ್ಲಿ ಇನ್ನೂ ದುಡ್ಡಿದ್ರೆ ಪ್ಯಾನೆಲ್ ಜಾಸ್ತಿ ಮಾಡಿ: ಬಿಸಿಲು ಕಮ್ಮಿ ಇದ್ದಾಗ ದೊಡ್ಡ ಬ್ಯಾಟರಿ ತುಂಬೋದೇ ಇಲ್ಲ.

ಈಗ ಆ ಮೊದಲ ಪ್ರಶ್ನೆಗೆ ಬರೋಣ. 550 ವಾಟಿನ ನಾಲ್ಕು ಪ್ಯಾನೆಲ್, ಒಟ್ಟು 2.2 ಕಿಲೋವಾಟ್. ದಿನಕ್ಕೆ ನಾಲ್ಕು ಗಂಟೆಯ ಪೂರ್ಣ ಬಿಸಿಲು, ಧೂಳು, ಬಿಸಿ, ವೈರಿನ ನಷ್ಟ ಎಲ್ಲ ಕಳೆದು ಶೇ 70 ಅಂದ್ಕೊಂಡ್ರೆ 6.16 ಯೂನಿಟ್. ಮಬ್ಬು ತಿಂಗಳಲ್ಲಿ ಎರಡೂವರೆ ಗಂಟೆಯಷ್ಟೇ ಸಿಕ್ಕಿದ್ರೆ 3.85. ದಿನಕ್ಕೆ 1.35 ಯೂನಿಟ್ ಕೊರತೆ, ಅದು ಗ್ರಿಡ್ ಪಾಲು.

ಪ್ಯಾನೆಲ್ ಜೋಡಿಸುವಾಗ ವೋಲ್ಟೇಜ್ ಲೆಕ್ಕ ತಪ್ಪಿದ್ರೆ, ಪ್ಯಾನೆಲ್‌ನಿಂದ ಬ್ಯಾಟರಿ ಚಾರ್ಜ್ ಮಾಡೋ ಕಂಟ್ರೋಲರ್ ಸುಟ್ಟೇ ಹೋಗುತ್ತೆ. ಇಂಥ ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದ್ರೆ ಏನೂ ಲೋಡ್ ಜೋಡಿಸದೆ ಇದ್ದಾಗಿನ ವೋಲ್ಟೇಜ್, ಸುಮಾರು 50. ಮೂರನ್ನ ಸೀರೀಸ್ ಮಾಡಿದ್ರೆ, ಅಂದ್ರೆ ಒಂದರ ಹಿಂದೊಂದು ಜೋಡಿಸಿದ್ರೆ 150, ಕಂಟ್ರೋಲರ್ ಮೇಲೂ 150 ಅಂತ ಬರೆದಿದೆ, ಸರಿಯಾಯ್ತಲ್ಲ ಅನ್ಸುತ್ತೆ. ಆದ್ರೆ ಆ 50 ಅನ್ನೋದು 25 ಡಿಗ್ರಿಯ ಅಂಕಿ. ಚಳಿ ಹೆಚ್ಚಿದಷ್ಟೂ ವೋಲ್ಟೇಜ್ ಏರುತ್ತೆ. 5 ಡಿಗ್ರಿಯ ಬೆಳಗ್ಗೆ ಅದೇ ಸಾಲು 158 ಮುಟ್ಟುತ್ತೆ. ಅದಕ್ಕೇ ಎರಡೆರಡು ಸೀರೀಸ್, ಆ ಎರಡು ಜೋಡಿ ಪ್ಯಾರಲಲ್, ಅಂದ್ರೆ ಪಕ್ಕಪಕ್ಕ, ವೋಲ್ಟೇಜ್ ಕೂಡಲ್ಲ. ಹೆಚ್ಚು ವೋಲ್ಟೇಜ್ ತಡೆಯೋ ಎಂಪಿಪಿಟಿ ಕಂಟ್ರೋಲರ್ ಇದ್ರೆ ನಾಲ್ಕನ್ನೂ ಸೀರೀಸ್ ಮಾಡಬಹುದು, ಆದ್ರೆ ಅದು ಕೆಲಸ ಶುರು ಮಾಡೋ ಕನಿಷ್ಠ ವೋಲ್ಟೇಜನ್ನೂ ನೋಡ್ಕೊಳ್ಳಿ.

3000 ವಾಟಿನ ಲೋಡನ್ನ 12 ವೋಲ್ಟಿನ ಬ್ಯಾಟರಿಯಲ್ಲಿ ಓಡಿಸೋಕೆ ಹೋಗಲೇಬೇಡಿ. ಬ್ಯಾಟರಿಯಿಂದ ಸುಮಾರು 280 ಆಂಪ್ ಎಳೆಯುತ್ತೆ. 48 ವೋಲ್ಟಿನಲ್ಲಿ (ನಮ್ಮ 51.2 ವೋಲ್ಟಿನ ಬ್ಯಾಟರಿ ಈ ಗುಂಪಿನದ್ದೇ) ಅದು 70. ಅದಕ್ಕೆ 25 ಚದರ ಮಿಲಿಮೀಟರ್ ತಾಮ್ರದ ಕೇಬಲ್, ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ 100 ಆಂಪಿನ ಡಿಸಿ ಫ್ಯೂಸ್. ಎಸಿಯ ಎಂಸಿಬಿಯನ್ನ, ಅಂದ್ರೆ ಕರೆಂಟ್ ಜಾಸ್ತಿಯಾದ್ರೆ ತಾನೇ ಕಡಿಯೋ ಸ್ವಿಚ್ಚನ್ನ, ಡಿಸಿಗೆ ಹಾಕಿದ್ರೆ ಬೆಂಕಿಗೆ ದಾರಿ. 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆ ದಾಟೋದರಿಂದ ಕಿಡಿ ಆರುತ್ತೆ. ಡಿಸಿಗೆ ಆ ಸೊನ್ನೆಯೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತೆ.

ಪಂಪಿನ ವಿಷಯ ಬೇರೆ. ಒಂದು ಎಚ್‌ಪಿ ಮೋಟರ್ ಶುರುವಾಗುವಾಗ ಕ್ಷಣಕಾಲ ಐದು ಪಟ್ಟು ಎಳೆಯಬಹುದು, ಇನ್ವರ್ಟರ್ ಓವರ್‌ಲೋಡ್ ತೋರಿಸುತ್ತೆ, ಇಲ್ಲಾ ಬ್ಯಾಟರಿಯನ್ನ ಕಾಯೋಕೆ ಅದರೊಳಗೇ ಇರೋ ಬಿಎಂಎಸ್ ಸರ್ಕ್ಯೂಟ್ ಕಟ್ ಆಗಿ ಮನೆಯೆಲ್ಲ ಕತ್ತಲು. ಪಂಪನ್ನ ಗ್ರಿಡ್ ಲೈನಿನಲ್ಲೇ ಬಿಡೋದು ಸುಲಭ. ಗ್ರಿಡ್ ಹೋದಾಗಲೂ ನೀರು ಬೇಕು ಅನ್ನೋರು ಮೋಟರನ್ನ ನಿಧಾನಕ್ಕೆ ಶುರು ಮಾಡೋ ಸಾಫ್ಟ್ ಸ್ಟಾರ್ಟರ್ ಹಾಕಿ, ಮಧ್ಯಾಹ್ನವೇ ಓಡಿಸ್ಕೊಳ್ಳಿ.

ಹೀಗೆ ಲೋಡ್ ಬೇರೆ ಮಾಡುವಾಗ ನ್ಯೂಟ್ರಲ್ಲನ್ನೂ, ಅಂದ್ರೆ ಕರೆಂಟ್ ವಾಪಸ್ ಹೋಗೋ ತಂತಿಯನ್ನೂ, ಬೇರೆ ಮಾಡ್ಬೇಕು. ಇನ್ವರ್ಟರ್ ಲೋಡಿನ ನ್ಯೂಟ್ರಲ್ ಬೋರ್ಡಿನಲ್ಲಿ ಗ್ರಿಡ್ ನ್ಯೂಟ್ರಲ್ ಜೊತೆ ಸೇರಿಕೊಂಡಿದ್ರೆ ಕರೆಂಟ್ ಸೋರಿದ್ರೆ ಕಡಿಯೋ ಆರ್‌ಸಿಸಿಬಿ ಸ್ವಿಚ್ ಪದೇಪದೇ ಬೀಳುತ್ತೆ. ಇದು ಎಲೆಕ್ಟ್ರಿಷಿಯನ್ ಕೆಲಸ, ನೀವೇ ಕೈ ಹಾಕಬೇಡಿ.

ಇನ್ವರ್ಟರ್ ಸೆಟ್ಟಿಂಗ್‌ನಲ್ಲಿ ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಗ್ರಿಡ್ ಅಂತ ಆರಿಸಿ. ಬ್ಯಾಟರಿ ಶೇ 30ಕ್ಕೆ ಇಳಿದಾಗ ಗ್ರಿಡ್‌ಗೆ ಹೋಗಲಿ. ಈ ಶೇಕಡಾ ಲೆಕ್ಕವನ್ನ ಬಿಎಂಎಸ್ ಕೇಬಲ್ ಮೂಲಕವೇ ಇನ್ವರ್ಟರ್‌ಗೆ ಕೊಡಿ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಶೇ 80ರಿಂದ 30ರವರೆಗೆ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತೆ, ಅದನ್ನ ನೋಡಿ ಏನೂ ತಿಳಿಯಲ್ಲ. ಚಾರ್ಜಿಂಗ್ "ಸೋಲಾರ್ ಮಾತ್ರ" ಅಂತಿದ್ರೆ, ಸತತ ಮೋಡದಲ್ಲಿ ಬ್ಯಾಟರಿ ನಿಧಾನಕ್ಕೆ ಇಳೀತಾ ಹೋಗಿ ಬಿಎಂಎಸ್ ಬಂದ್ ಆಗಬಹುದು. ಗ್ರಿಡ್‌ನಿಂದಲೂ 10 ಆಂಪ್ ಚಾರ್ಜ್‌ಗೆ ಅವಕಾಶ ಕೊಟ್ಟಿರಿ.

ಚಾಲೂ ಮಾಡುವಾಗ ಮೊದಲು ಬ್ಯಾಟರಿ, ನಂತರ ಪ್ಯಾನೆಲ್. ಬಿಚ್ಚುವಾಗ ಪ್ಯಾನೆಲ್ ಮೊದಲು. ಮೊದಲ ವಾರ ಪೂರ್ತಿ ಲೋಡ್ ಇದ್ದಾಗ ಪ್ರತಿ ಲಗ್ಗಿಗೂ, ಅಂದ್ರೆ ಕೇಬಲ್ ತುದಿಯ ಲೋಹದ ಬಳೆಗೂ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ. ಯಾವುದಾದ್ರೂ ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ರೆ ಅದರ ಬೋಲ್ಟ್ ಇಲ್ಲಾ ಕ್ರಿಂಪ್ (ಕೇಬಲ್ ಮೇಲೆ ಅದುಮಿದ ಭಾಗ) ಸಡಿಲ ಇರಬಹುದು, ಕ್ರಿಂಪ್ ಆಗಿದ್ರೆ ಕತ್ತರಿಸಿ ಹೊಸದು ಹಾಕಿ.