ರೈಲ್ವೆ ತಂತಿಯ ಹುಡುಗ, ಇಂಗ್ಲಿಷ್ ಕಾದಂಬರಿಕಾರ

[ದೃಶ್ಯ: ಹಿಮ ಕವಿದ ರೈಲು ಹಳಿ, ತಂತಿ ಕಂಬಗಳು]

ನಮಸ್ಕಾರ. ಇಪ್ಪತ್ತರ ಆಸುಪಾಸಿನಲ್ಲಿ ಇಂಗ್ಲಿಷ್ ಕಲಿಯೋಕೆ ಕೂತವರೊಬ್ಬರು 43ನೇ ವಯಸ್ಸಿಗೆ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಗೆದ್ದರು. ಅದೂ ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗೆ! ಇದು ಹೇಗಾಯ್ತು ಅನ್ನೋದು ವಾರಗಟ್ಟಲೆ ನನ್ನ ತಲೆ ಕೊರೆದಿದೆ.

ಹೆಸರು ಹಾ ಜಿನ್. ಹುಟ್ಟಿದ್ದು 1956, ಈಶಾನ್ಯ ಚೀನಾದ ಲಿಯಾವ್‌ನಿಂಗ್. ಮಾವೋ ಶುರುಮಾಡಿದ ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಶಾಲೆ ಮುಚ್ಚಿತು, 14ರ ಹೊತ್ತಿಗೆ ಸೇನೆ ಸೇರಿ ಸೋವಿಯತ್ ಗಡಿಗೆ ಹೋದರು. ಇದನ್ನೆಲ್ಲ ಬೇಗ ದಾಟೋಣ. ನಾನು ನಿಲ್ಲಬೇಕಿರೋದು ಸೇನೆ ಬಿಟ್ಟ ಮೇಲಿನ ಮೂರು ವರ್ಷದಲ್ಲಿ.

ಜಿಯಾಮುಸಿ ಅನ್ನೋ ಗಡಿನಾಡ ಊರು. ರೈಲ್ವೆಯಲ್ಲಿ ತಂತಿ ಕಳಿಸೋ ಕೆಲಸ. ಚೀನೀ ಬರಹದಲ್ಲಿ ನಮ್ಮ ಹಾಗೆ ವರ್ಣಮಾಲೆ ಇಲ್ಲ, ಸಾವಿರಾರು ಚಿಹ್ನೆಗಳು. ಹಾಗಿದ್ರೆ ತಂತಿಯಲ್ಲಿ ಕಳಿಸೋದು ಹೇಗೆ? ಒಂದೊಂದು ಚಿಹ್ನೆಗೂ ನಾಲ್ಕಂಕಿಯ ಸಂಖ್ಯೆ.

[ತೆರೆಯ ಮೇಲೆ: 0022]

ಇದು 'ಝೋಂಗ್', ನಡು ಅಂತ ಅರ್ಥ, ಚೀನಾದ ಹೆಸರಿನ ಮೊದಲ ಚಿಹ್ನೆ. ನಮ್ಮಲ್ಲೂ ತಂತಿ ಬಂತು ಅಂದ್ರೆ ಎದೆ ಧಸಕ್ಕೆನ್ನೋ ಕಾಲವಿತ್ತು. ಪದಕ್ಕಿಷ್ಟು ದುಡ್ಡು, ಅದಕ್ಕೇ ಬೇಡದ ಮಾತು ಒಂದೂ ಇರ್ತಿರಲಿಲ್ಲ. ಹಾ ಜಿನ್ ಅವರ ಇಂಗ್ಲಿಷ್ ಓದಿ ನೋಡಿ, ಸರಳ ವಾಕ್ಯ, ಒಡವೆ ಹೇರಿಲ್ಲ. ಅದರ ಬೇರು ಆ ತಂತಿ ಮೇಜಿನಲ್ಲಿದೆ ಅಂತ ನನ್ನ ಊಹೆ. ಈ ಊಹೆ ಬಿಟ್ಟುಕೊಡೋಕೆ ನನಗೆ ಮನಸ್ಸೇ ಬರ್ತಿಲ್ಲ.

ಇಂಗ್ಲಿಷ್ ಕಲಿತದ್ದೂ ಅಲ್ಲೇ, ರೇಡಿಯೋ ಪಾಠ ಕೇಳಿಕೊಂಡು. ಇಂಗ್ಲೆಂಡಿನ ಕಾರ್ಮಿಕರ ಬಗ್ಗೆ ಕಾರ್ಲ್ ಮಾರ್ಕ್ಸ್‌ನ ಜೊತೆಗಾರ ಎಂಗೆಲ್ಸ್ ಬರೆದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಬೇಕು ಅನ್ನೋ ಆಸೆ. ಎಂಗೆಲ್ಸ್ ಅದನ್ನು ಬರೆದದ್ದು ಜರ್ಮನ್ ಭಾಷೆಯಲ್ಲಿ!

1977ರಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ಶುರುವಾಯ್ತು. ಹಾರ್ಬಿನ್‌ನಲ್ಲಿ ಸೀಟು ಸಿಕ್ಕಿತು. ಇಂಗ್ಲಿಷ್ ಅವರ ಕೊನೆಯ ಆಯ್ಕೆ, ಆದರೂ ಆ ವಿಷಯಕ್ಕೇ ಅವರನ್ನು ಹಾಕಿದರು. ಕಾವ್ಯನಾಮದ 'ಹಾ' ಕೂಡ ಹಾರ್ಬಿನ್ ಊರಿನದೇ.

ಸಮಯ ಓಡ್ತಿದೆ, ಉಳಿದದ್ದು ಒಟ್ಟಿಗೆ. 1985ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ. ಓದು ಮುಗಿಸಿ ಚೀನಾಕ್ಕೆ ಮರಳಿ ಪಾಠ ಹೇಳೋ ಯೋಚನೆ. 1989ರ ಜೂನ್‌ನಲ್ಲಿ ಬೀಜಿಂಗ್‌ನ ಟಿಯಾನನ್ಮೆನ್ ಚೌಕದಲ್ಲಿ ಪ್ರಜಾಪ್ರಭುತ್ವ ಕೇಳ್ತಿದ್ದ ಚಳವಳಿಯನ್ನು ಸರ್ಕಾರ ಹೊಸಕಿ ಹಾಕಿತು. ತಾವೇ ಸೇವೆ ಮಾಡಿದ್ದ ಸೇನೆ ಜನರ ಮೇಲೆ ಗುಂಡು ಹಾರಿಸಿದ್ದನ್ನು ಟಿವಿಯಲ್ಲಿ ನೋಡಿದರು, ಅಲ್ಲೇ ಉಳಿದರು. 1990ರಲ್ಲಿ ಮೊದಲ ಕವನ ಸಂಕಲನ, 1999ರಲ್ಲಿ ಆ ನ್ಯಾಷನಲ್ ಬುಕ್ ಅವಾರ್ಡ್ ಗೆದ್ದ 'ವೇಟಿಂಗ್', 2004ರಲ್ಲಿ ಕೊರಿಯಾ ಯುದ್ಧಕೈದಿಗಳ ಕಥೆ 'ವಾರ್ ಟ್ರ್ಯಾಶ್'. ಈ ಎರಡೂ ಕಾದಂಬರಿಗಳಿಗೆ ಪೆನ್/ಫಾಕ್ನರ್ ಪ್ರಶಸ್ತಿ. ಜೊತೆಗೆ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರ ಕೆಲಸ.

ತಾಯಿನುಡಿಗೆ ದ್ರೋಹ ಮಾಡಿದರು ಅನ್ನೋ ಮಾತು ಅವರ ಬೆನ್ನು ಬಿಟ್ಟಿಲ್ಲ. ನಾನು ಒಪ್ಪಲ್ಲ. ಯಾವ ಮಾತು ಆಡಬಹುದು ಅಂತ ಸರ್ಕಾರ ತೀರ್ಮಾನಿಸೋ ಕಡೆ, ಬೇರೆ ನುಡಿಗೆ ಹೋಗೋದು ಬರಹಗಾರ ಉಸಿರುಳಿಸಿಕೊಳ್ಳೋ ದಾರಿ. ಅದಕ್ಕೆ ಅವರು ಬೆಲೆಯನ್ನೂ ತೆತ್ತಿದ್ದಾರೆ. 1985ರಲ್ಲಿ ಬಿಟ್ಟ ನೆಲಕ್ಕೆ ಮರಳೋಕಾಗಿಲ್ಲ. ಆದರೆ 'ವೇಟಿಂಗ್' ತೆಗೆದು ನೋಡಿ. ಹಳ್ಳಿಯ ಹೆಂಡತಿಯಿಂದ ವಿಚ್ಛೇದನ ಪಡೆಯೋಕೆ 18 ವರ್ಷ ಕಾಯೋ ಆ ಸೇನಾ ಡಾಕ್ಟರ್, ಪ್ರತಿ ಬೇಸಿಗೆಗೂ ತನ್ನೂರಿಗೆ ಹೋಗ್ತಾನೆ.