ಅಂಕಪಟ್ಟಿಯನ್ನು ಕೆಳಗಿನಿಂದ ಓದಿ

ಕೇಳುಗರಿಗೆ ನಮಸ್ಕಾರ.

2023ರ ಮೇ 28, ಭಾನುವಾರ ರಾತ್ರಿ. ಊಟಕ್ಕೆ ಕರೆದಿದ್ದರು ಅಂತ ಅಕ್ಕನ ಮನೆಗೆ ಹೋಗಿದ್ದೆ. ಅವತ್ತು ಐಪಿಎಲ್ ಫೈನಲ್. ಅಹಮದಾಬಾದಿನಲ್ಲಿ ಬಿಡದೆ ಮಳೆ. ಭಾವ ಟೀವಿ ಮುಂದೆ ಕೂತು, ಹೊದಿಕೆ ಹೊದಿಸಿದ ಪಿಚ್ಚನ್ನೇ ಎರಡು ಗಂಟೆಯಿಂದ ನೋಡುತ್ತಿದ್ದರು. ಅಕ್ಕನ ಮಗ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೊಬೈಲು ಹಿಡಿದಿದ್ದ. ಹನ್ನೊಂದು ಗಂಟೆ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಹದಿನೈದು ವರ್ಷದ ಹುಡುಗ. ಹಾಲಿಗೆ ಹೆಪ್ಪು ಹಾಕುತ್ತಿದ್ದ ಅಕ್ಕ ಚಮಚ ಹಿಡಿದುಕೊಂಡೇ ಓಡಿದಳು.

"ಏನಾಯ್ತೋ?"

"ಲೆಸ್ಟರ್ ಹೋಯ್ತಮ್ಮ."

"ಸೋತರಾ?"

"ಇಲ್ಲ, ಗೆದ್ರು. ಎರಡು-ಒಂದು."

ಲೆಸ್ಟರ್ ಅಂದರೆ ಇಂಗ್ಲೆಂಡಿನ ಒಂದು ಫುಟ್‌ಬಾಲ್ ತಂಡ. ಅಕ್ಕ ನನ್ನ ಕಡೆ ತಿರುಗಿದಳು. "ನೋಡೋ ಇವನನ್ನ. ಗೆದ್ರು ಅಂತಾನೆ, ಅಳ್ತಾನೆ. ಇದೆಂಥ ಆಟ ನಿಮ್ಮದು?"

ಇಂಗ್ಲೆಂಡಿನ ಫುಟ್‌ಬಾಲ್ ಋತು ಮುಗಿಯುವಾಗ ಅಭಿಮಾನಿಗಳು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರ ಬಗ್ಗೆ ಮಾತಾಡಿ ಎಂದು ನಿಲಯದವರು ಕರೆದಾಗ ನನಗೆ ನೆನಪಾದದ್ದು ಅಕ್ಕನ ಈ ಪ್ರಶ್ನೆ. "ಚಾಂಪಿಯನ್ ತಂಡದ ಬಗ್ಗೆ ನಾಲ್ಕು ಮಾತು ಹೇಳಿ ಸಾರ್" ಅಂತಲೂ ಅಂದರು. ಕ್ಷಮಿಸಬೇಕು, ಅದನ್ನು ಹೇಳುವುದಿಲ್ಲ. ಗೆದ್ದವರು ಕುಣಿಯುತ್ತಾರೆ, ಅದರಲ್ಲಿ ವಿವರಿಸುವುದೇನಿದೆ? ನಾನು ಹೇಳುವುದು ಒಂದೇ ಮಾತು. ಅಂಕಪಟ್ಟಿಯನ್ನು ಕೆಳಗಿನಿಂದ ಓದಿ.

ಫುಟ್‌ಬಾಲ್ ಅಂದ ಕೂಡಲೇ ನಮ್ಮವರು ಕೇಳುವುದು, "ಫೈನಲ್ ಯಾವತ್ತು?" ಮೂವತ್ತು ವರ್ಷದಿಂದ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೇನೆ, ಅವರ ಅಪ್ಪಂದಿರಿಗೆ ಮೂವತ್ತು ವರ್ಷದಿಂದ ಇದೇ ಉತ್ತರ ಕೊಡುತ್ತಿದ್ದೇನೆ. ಲೀಗಿಗೆ ಫೈನಲ್ ಇಲ್ಲ ಸ್ವಾಮಿ. ಇಂಗ್ಲೆಂಡಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ. ಪ್ರತಿ ತಂಡವೂ ಉಳಿದ ಹತ್ತೊಂಬತ್ತರ ಜೊತೆ ತನ್ನೂರಲ್ಲಿ ಒಂದು ಪಂದ್ಯ, ಅವರೂರಲ್ಲಿ ಒಂದು ಪಂದ್ಯ ಆಡುತ್ತದೆ. ಒಟ್ಟು 38. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಆಗಸ್ಟ್‌ನಲ್ಲಿ ಶುರುವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಹೆಚ್ಚು ಅಂಕ ಇದ್ದವರಿಗೆ ಕಪ್ಪು. ಅಷ್ಟೇ.

ಹಾಗಾಗಿ ಕಪ್ಪಿನ ಕಥೆ ಕೆಲವು ಸಲ ಬೇಗ ಮುಗಿದುಹೋಗುತ್ತದೆ. 2025ರಲ್ಲಿ ಲಿವರ್‌ಪೂಲ್ ಏಪ್ರಿಲ್ 27ಕ್ಕೇ ಗೆದ್ದು ಕೂತಿತ್ತು, ಇನ್ನೂ ನಾಲ್ಕು ಪಂದ್ಯ ಬಾಕಿ ಇರುವಾಗಲೇ. ಹೀಗಿದ್ದರೂ ಕೊನೆಯ ಭಾನುವಾರ ಜನ ಯಾಕೆ ಉಗುರು ಕಚ್ಚುತ್ತಾರೆ? ಪಟ್ಟಿಯ ತಳದಲ್ಲಿ ಇರುವುದರಿಂದ. ಕೊನೆಯ ಮೂರು ತಂಡಗಳಿಗೆ ಹಿಂಬಡ್ತಿ. ಮುಂದಿನ ವರ್ಷ ಅವು ಕೆಳಗಿನ ದರ್ಜೆಯಲ್ಲಿ ಆಡಬೇಕು. ಅಲ್ಲಿ ಗೆದ್ದ ಮೂವರು ಇಲ್ಲಿಗೆ ಬರುತ್ತಾರೆ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಹಿಂಬಡ್ತಿಯ ಬಿಸಿ ನಾನು ಹೇಳಬೇಕಾಗಿಲ್ಲ. ಕ್ರಿಕೆಟ್ ನೋಡುವವರಿಗೆ ಹೇಳಬೇಕು. ನಮ್ಮ ಆರ್‌ಸಿಬಿ 2017ರಲ್ಲೂ 2019ರಲ್ಲೂ ಎಂಟು ತಂಡಗಳಲ್ಲಿ ಎಂಟನೆಯದು. ಏನಾಯಿತು? ಏನೂ ಆಗಲಿಲ್ಲ. "ಮುಂದಿನ ಸಲ ಕಪ್ ನಮ್ದೇ" ಅಂದುಕೊಂಡು ಮಲಗಿದೆವು. ಮುಂದಿನ ವರ್ಷವೂ ಅದೇ ಟೂರ್ನಿಯಲ್ಲಿ ನಮ್ಮ ತಂಡ. ಇಂಗ್ಲೆಂಡಿನಲ್ಲಿ ಹಾಗಲ್ಲ. ಕೊನೆಗೆ ಬಂದರೆ ಸೀದಾ ಕೆಳಗೆ. ಆಟಗಾರರು ಬಿಟ್ಟು ಹೋಗುತ್ತಾರೆ, ಟೀವಿ ದುಡ್ಡು ಕಮ್ಮಿಯಾಗುತ್ತದೆ, ಕ್ಲಬ್ಬಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುವವರಿಗೂ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಚಿಂತೆ. ನಮ್ಮ ಬೆಂಗಳೂರಿನ ಸೂಪರ್ ಡಿವಿಷನ್‌ನಲ್ಲೂ ಈ ಪದ್ಧತಿ ಇದೆ. ಇಳಿದ ತಂಡದಲ್ಲಿ ನಾನೂ ಆಡಿದ್ದೇನೆ. ಆ ಸಂಜೆ ಬೂಟಿನ ದಾರ ಬಿಚ್ಚಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ.

ಮತ್ತೆ ಅಲ್ಲಿ ಕ್ಲಬ್ಬು ಅಂದರೆ ಊರು. ಆರ್ಸೆನಲ್ ಕಟ್ಟಿದವರು ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು, ಮ್ಯಾಂಚೆಸ್ಟರ್ ಯುನೈಟೆಡ್ ಕಟ್ಟಿದವರು ರೈಲ್ವೆಯವರು, ವೆಸ್ಟ್ ಹ್ಯಾಮ್ ಹಡಗು ಕಟ್ಟುವವರದ್ದು. ನಮ್ಮಲ್ಲಿ ಎಚ್ಎಎಲ್, ಐಟಿಐ ತಂಡಗಳಿದ್ದವಲ್ಲ, ಹಾಗೆ. ತಾತ ನಿಂತ ಗ್ಯಾಲರಿಯಲ್ಲೇ ಮೊಮ್ಮಗ ನಿಲ್ಲುತ್ತಾನೆ. ಸೋತಿತು ಅಂತ ತಂಡ ಬದಲಿಸುವುದಿಲ್ಲ, ಮನೆದೇವರನ್ನು ಯಾರಾದರೂ ಬದಲಿಸುತ್ತಾರೆಯೇ? ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಪಟ್ಟಿಯನ್ನು ಕೆಳಗಿನಿಂದ ಓದಿ.

ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಹೇಳುತ್ತೇನೆ. ರೇಡಿಯೋದಲ್ಲೇ ಹೇಳಬೇಕಾದ ಪ್ರಸಂಗ ಇದು, ಯಾಕೆಂದರೆ ಇದರಲ್ಲಿ ರೇಡಿಯೋನೂ ಒಂದು ಪಾತ್ರ.

1999ರ ಮೇ 8, ಶನಿವಾರ. ಕಾರ್ಲೈಲ್ ಅಂತ ಒಂದು ಊರು, ಸ್ಕಾಟ್ಲೆಂಡಿನ ಗಡಿಗೆ ಹತ್ತಿರ. ಊರಿನ ತಂಡ ಕಾರ್ಲೈಲ್ ಯುನೈಟೆಡ್. 1974ರಲ್ಲಿ ಇದೇ ತಂಡ ಮೊದಲ ದರ್ಜೆಗೆ ಏರಿ, ಮೊದಲ ಮೂರೂ ಪಂದ್ಯ ಗೆದ್ದು, ಇಡೀ ಇಂಗ್ಲೆಂಡಿನ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಕೂತಿತ್ತು. ವರ್ಷ ಮುಗಿಯುವಷ್ಟರಲ್ಲಿ ಇಳಿಯಿತು. ಇಳಿದು, ಇಳಿದು, 1999ಕ್ಕೆ ನಾಲ್ಕನೇ ದರ್ಜೆಯ ತಳದಲ್ಲಿತ್ತು. ಫುಟ್‌ಬಾಲ್ ಲೀಗ್ ಅನ್ನುವುದು ಆ ನಾಲ್ಕನೇ ದರ್ಜೆಗೇ ಮುಗಿಯುತ್ತದೆ, ಅದರ ಕೆಳಗಿನದೆಲ್ಲ ಲೀಗಿನ ಹೊರಗೆ. 1928ರಿಂದ ಲೀಗಿನಲ್ಲಿದ್ದ ತಂಡ ಹೊರಗೆ ಬೀಳಬೇಕು. ಆಗ ಆ ದರ್ಜೆಯಿಂದ ಒಂದೇ ತಂಡಕ್ಕೆ ಹಿಂಬಡ್ತಿ. ಕೊನೆಯ ದಿನ ಕಾರ್ಲೈಲ್ ಕೊನೆಯ ಸ್ಥಾನದಲ್ಲಿ, ಒಂದೇ ಒಂದು ಅಂಕ ಮೇಲೆ ಸ್ಕಾರ್ಬರೋ.

ಸ್ಕಾರ್ಬರೋ ಪೂರ್ವದ ಕಡಲತೀರದ ಊರು. ಎರಡೂ ಪಂದ್ಯ ಒಂದೇ ಹೊತ್ತಿಗೆ ಶುರು. ಕೊನೆಯ ದಿನ ಹೀಗೆಯೇ, ಇನ್ನೊಬ್ಬರ ಫಲಿತಾಂಶ ನೋಡಿಕೊಂಡು ಯಾರೂ ಚೌಕಾಸಿ ಮಾಡಬಾರದು ಅಂತ.

ಕಾರ್ಲೈಲ್‌ಗೆ ಆ ದಿನ ಸ್ವಂತ ಗೋಲ್‌ಕೀಪರ್ ಕೂಡ ಇರಲಿಲ್ಲ. ಇದ್ದವನನ್ನು ಮಾರಿದ್ದರು. ಆಮೇಲೆ ಎರವಲು ತಂದವನನ್ನು ಅವನ ಕ್ಲಬ್ಬು ವಾಪಸು ಕರೆಸಿಕೊಂಡಿತ್ತು. ಲೀಗಿನವರ ಹತ್ತಿರ ವಿಶೇಷ ಅನುಮತಿ ಪಡೆದು ಸ್ವಿಂಡನ್ ಕ್ಲಬ್ಬಿನಿಂದ ಜಿಮ್ಮಿ ಗ್ಲಾಸ್ ಎಂಬುವನನ್ನು ಎರವಲು ತಂದರು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತರುತ್ತೇವಲ್ಲ, ಹಾಗೆ. ಅದು ಅವನಿಗೆ ಆ ತಂಡದಲ್ಲಿ ಮೂರನೆಯ ಪಂದ್ಯ. ಕೊನೆಯದೂ ಹೌದು.

ಎದುರಾಳಿ ಪ್ಲಿಮತ್. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಪ್ಲಿಮತ್ ಗೋಲು ಹೊಡೆಯಿತು. ಕಾರ್ಲೈಲ್ ತಂಡದ ಬ್ರೈಟ್‌ವೆಲ್ ದೂರದಿಂದ ಹೊಡೆದು ಸಮ ಮಾಡಿದ. ಒಂದು-ಒಂದು. ಅತ್ತ ಸ್ಕಾರ್ಬರೋದಲ್ಲೂ ಒಂದು-ಒಂದು. ಲೆಕ್ಕ ಹಾಕಿ. ಇಬ್ಬರಿಗೂ ಒಂದೊಂದು ಅಂಕ ಬಂದರೆ ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ. ಕಾರ್ಲೈಲ್ ಹೊರಗೆ.

ತೊಂಬತ್ತು ನಿಮಿಷ ಮುಗಿಯಿತು. ಅತ್ತ ಸ್ಕಾರ್ಬರೋದಲ್ಲಿ ರೆಫ್ರಿ ಸೀಟಿ ಊದಿಯೇ ಬಿಟ್ಟರು. ಅಲ್ಲಿನ ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಉಳಿದೆವು, ಉಳಿದೆವು! ಆದರೆ ಕಾರ್ಲೈಲ್ ಪಂದ್ಯ ಇನ್ನೂ ಮುಗಿದಿಲ್ಲ. ಅಲ್ಲಿ ರೆಫ್ರಿ ನಾಲ್ಕು ನಿಮಿಷ ಹೆಚ್ಚುವರಿ ಸಮಯ ಕೊಟ್ಟಿದ್ದಾರೆ. ಸ್ಕಾರ್ಬರೋ ಮೈದಾನದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕಿವಿಗೆ ರೇಡಿಯೋ ಒತ್ತಿಕೊಂಡು ನಿಂತಿದ್ದಾರೆ. ಸುತ್ತ ಜನ ಅವರ ಬಾಯನ್ನೇ ನೋಡುತ್ತಿದ್ದಾರೆ. ನಮ್ಮಲ್ಲಿ ಬೀಡಾ ಅಂಗಡಿ ಮುಂದೆ ಟ್ರಾನ್ಸಿಸ್ಟರ್ ಸುತ್ತ ನಿಂತು ಟೆಸ್ಟ್ ಮ್ಯಾಚು ಕೇಳಿದ ತಲೆಮಾರಿನವರು ನೀವಾದರೆ, ಆ ಮುಖಗಳು ನಿಮಗೆ ಗೊತ್ತು.

ಕಾರ್ಲೈಲ್‌ನಲ್ಲಿ ಕೊನೆಯ ಗಳಿಗೆ. ಕಾರ್ನರ್ ಕಿಕ್ ಸಿಕ್ಕಿತು. ಗೋಲಿ ಜಿಮ್ಮಿ ಗ್ಲಾಸ್ ಬೆಂಚಿನ ಕಡೆ ನೋಡಿದ. ಹೋಗು ಅಂತ ಸನ್ನೆ ಬಂತು. ಕೆಂಪು ಜೆರ್ಸಿ, ಕೈಗವಸು, ಅಷ್ಟುದ್ದ ಮೈದಾನವನ್ನು ಓಡಿಕೊಂಡು ಬಂದ. ಚೆಂಡು ಬಂತು, ಸ್ಕಾಟ್ ಡೋಬಿ ಎಂಬಾತ ತಲೆ ಕೊಟ್ಟ, ಪ್ಲಿಮತ್ ಗೋಲಿ ತಡೆದ. ತಡೆದ ಚೆಂಡು ಬಿದ್ದದ್ದು ಓಡಿ ಬಂದಿದ್ದ ಜಿಮ್ಮಿ ಗ್ಲಾಸ್‌ನ ಕಾಲಿಗೆ. ಬಲಗಾಲಲ್ಲಿ ಒದ್ದ. ಗೋಲು! ಗೋಲ್‌ಕೀಪರ್ ಹೊಡೆದ ಗೋಲು! ಊರಿನ ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವರಿಗೆ ಮಾತೇ ಮುಗಿದು, ಅವನ ಹೆಸರನ್ನೇ ಮತ್ತೆ ಮತ್ತೆ ಕೂಗಿದರು. ಜನ ಮೈದಾನಕ್ಕೆ ನುಗ್ಗಿ ಅವನ ಮೇಲೆ ಬಿದ್ದರು. ಅವರನ್ನೆಲ್ಲ ಆಚೆ ಕಳಿಸಿ ಆಟ ಮತ್ತೆ ಶುರು ಮಾಡಿದ್ದೇ ತಡ, ಮುಗಿಯಿತು.

ಇನ್ನು ಸ್ಕಾರ್ಬರೋ ಕಡೆ ನೋಡಿ. ಅಲ್ಲಿ ಗದ್ದಲ ಒಮ್ಮೆಗೇ ನಿಲ್ಲಲಿಲ್ಲ. ರೇಡಿಯೋ ಹಿಡಿದವನ ಕೈ ಇಳಿಯಿತು. ಅವನ ಪಕ್ಕದವನು ಸುಮ್ಮನಾದ. ಅವನ ಪಕ್ಕದವನು. ಆಚೆ ತುದಿಯಲ್ಲಿ ಇನ್ನೂ ಹಾಡುತ್ತಿದ್ದಾರೆ, ಈಚೆ ತುದಿಯಲ್ಲಿ ಜನ ಹುಲ್ಲಿನ ಮೇಲೆ ಕುಸಿದಿದ್ದಾರೆ. ಆ ಟೀವಿ ಚಿತ್ರಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ತಮ್ಮ ಪಂದ್ಯ ಮುಗಿದ ಮೇಲೆ, ದೇಶದ ಇನ್ನೊಂದು ಮಗ್ಗುಲಲ್ಲಿ ಎರವಲು ಗೋಲಿಯೊಬ್ಬ ಒದ್ದ ಚೆಂಡಿನಿಂದ ಅವರ ತಂಡ ಲೀಗಿನಿಂದ ಹೋಯಿತು. ಮತ್ತೆ ಬರಲಿಲ್ಲ. 2007ರಲ್ಲಿ ಸಾಲದ ಹೊರೆಯಲ್ಲಿ ಕ್ಲಬ್ಬೇ ಮುಚ್ಚಿತು. ಅಭಿಮಾನಿಗಳು ಏನು ಮಾಡಿದರು ಅಂತೀರಿ? ಅದೇ ವರ್ಷ ತಾವೇ ಸೇರಿ ಸ್ಕಾರ್ಬರೋ ಅಥ್ಲೆಟಿಕ್ ಎಂಬ ಹೊಸ ಕ್ಲಬ್ಬು ಕಟ್ಟಿದರು.

ಜಿಮ್ಮಿ ಗ್ಲಾಸ್? ಎರಡು ವರ್ಷದಲ್ಲಿ ಆಟ ಬಿಟ್ಟ. ಕೆಲವು ಕಾಲ ಟ್ಯಾಕ್ಸಿ ಓಡಿಸಿದ.

ಈ ಪ್ರಸಂಗ ಹೇಳಲು ಶುರು ಮಾಡಿದರೆ ನನಗೆ ಗಡಿಯಾರ ಕಾಣುವುದಿಲ್ಲ. ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳಿಬಿಡುತ್ತೇನೆ.

2012ರ ಮೇ 13. ಮ್ಯಾಂಚೆಸ್ಟರ್ ಸಿಟಿಯ ಆಗ್ವೆರೋ ಹೆಚ್ಚುವರಿ ಸಮಯದಲ್ಲಿ ಹೊಡೆದ ಗೋಲು, 44 ವರ್ಷದ ಮೇಲೆ ಬಂದ ಕಪ್ಪು. ಅದನ್ನು ಎಲ್ಲರೂ ನೋಡಿದ್ದೀರಿ. ಅದೇ ಮೈದಾನದ ಒಂದು ಮೂಲೆಯಲ್ಲಿ ಸೋತ ಕ್ಯೂಪಿಆರ್, ಅಂದರೆ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡದವರು ಇದ್ದರು. ಮೂರು-ಎರಡರಿಂದ ಸೋತರು, ಸೋತೂ ಕುಣಿದರು! ಯಾಕೆಂದರೆ ಅತ್ತ ಬೋಲ್ಟನ್ ಗೆಲ್ಲಲಿಲ್ಲ. ಕ್ಯೂಪಿಆರ್‌ಗೆ 37 ಅಂಕ, ಬೋಲ್ಟನ್‌ಗೆ 36. ಉಳಿದರು. ಒಂದೇ ಮೈದಾನ, ಎರಡು ಹಬ್ಬ. ಎರಡನೆಯದನ್ನು ನೋಡಿದವರು ಎಷ್ಟು ಜನ?

2005ರಲ್ಲಿ ಇನ್ನೂ ಮಜಾ. ಪೋರ್ಟ್ಸ್‌ಮತ್ ತಂಡ ವೆಸ್ಟ್ ಬ್ರಾಮ್ ಎದುರು ಎರಡು-ಸೊನ್ನೆ ಸೋಲುತ್ತಿತ್ತು. ಪೋರ್ಟ್ಸ್‌ಮತ್ ಅಭಿಮಾನಿಗಳಿಗೆ ಸಂತೋಷವೋ ಸಂತೋಷ. ತಾವು ಸೋತರೆ ಪಕ್ಕದೂರಿನ ಸೌತ್‌ಹ್ಯಾಂಪ್ಟನ್ ಉಳಿಯುವುದು ಇನ್ನೂ ಕಷ್ಟ! ಅದು ಇಳಿಯಿತು, 27 ವರ್ಷ ಮೊದಲ ದರ್ಜೆಯಲ್ಲಿದ್ದ ನಂತರ. ದಾಯಾದಿ ಮತ್ಸರ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

ಕೊನೆಗೆ ಅಕ್ಕನ ಪ್ರಶ್ನೆಗೆ ಉತ್ತರ. ಲೆಸ್ಟರ್ 2016ರಲ್ಲಿ ಕಪ್ಪು ಗೆದ್ದ ತಂಡ. ಋತು ಶುರುವಾಗುವಾಗ ಬಾಜಿ ಕಟ್ಟುವವರು ಅದಕ್ಕೆ ಐದು ಸಾವಿರಕ್ಕೆ ಒಂದು ಅಂದಿದ್ದರು. ಅಕ್ಕನ ಮಗ ಎಂಟು ವರ್ಷದ ಹುಡುಗನಾಗಿದ್ದಾಗ ಆ ನೀಲಿ ಅಂಗಿ ಹಾಕಿಕೊಂಡವನು, ಆಮೇಲೆ ಬಿಚ್ಚಲೇ ಇಲ್ಲ. ಏಳು ವರ್ಷದ ನಂತರ, 2023ರ ಆ ರಾತ್ರಿ ಲೆಸ್ಟರ್ ತನ್ನ ಪಂದ್ಯ ಗೆದ್ದಿತು. ಆದರೆ ಲಿವರ್‌ಪೂಲ್ ನಗರದಲ್ಲಿ ಎವರ್ಟನ್ ಒಂದು-ಸೊನ್ನೆಯಿಂದ ಮುಂದಿತ್ತು. ಎದುರಾಳಿ ಬೋರ್ನ್‌ಮತ್ ಅಲ್ಲೊಂದು ಗೋಲು ಹೊಡೆದಿದ್ದರೆ ಎವರ್ಟನ್‌ಗೂ ಲೆಸ್ಟರ್‌ಗೂ ಸಮ ಅಂಕ, ಗೋಲುಗಳ ಲೆಕ್ಕದಲ್ಲಿ ಲೆಸ್ಟರ್ ಉಳಿಯುತ್ತಿತ್ತು. ಆ ಗೋಲಿಗಾಗಿಯೇ ಹುಡುಗ ಮೊಬೈಲು ಹಿಡಿದು ಕಾಯುತ್ತಿದ್ದದ್ದು. ಬರಲಿಲ್ಲ. ಎವರ್ಟನ್‌ಗೆ 36, ಲೆಸ್ಟರ್‌ಗೆ 34.

ಮುಂದಿನ ವರ್ಷ ಲೆಸ್ಟರ್ ಎರಡನೇ ದರ್ಜೆ ಗೆದ್ದು ಮೇಲೆ ಬಂತು. ಹುಡುಗ ಅಕ್ಕನ ಕೈಲಿ ಪಾಯಸ ಮಾಡಿಸಿಕೊಂಡ. 2025ರಲ್ಲಿ ಮತ್ತೆ ಇಳಿಯಿತು, ಅದೂ ಏಪ್ರಿಲ್ 20ಕ್ಕೇ, ಇನ್ನೂ ಐದು ಪಂದ್ಯ ಬಾಕಿ ಇರುವಾಗ. ಅವತ್ತು ರಾತ್ರಿ ಅಕ್ಕ ನಿದ್ದೆಗೆಟ್ಟು ಕೋಣೆಯ ಬಾಗಿಲ ಹತ್ತಿರವೇ ಕಾದಳಂತೆ. ಹುಡುಗ ಆರಾಮಾಗಿ ಬಂದು ನೀರು ಕುಡಿದು ಹೊರಟ.

"ಯಾಕೋ, ಈ ಸಲ ಅಳಲಿಲ್ಲ?"

"ಕೊನೇ ದಿನದ ತನಕ ಎಳೀಲಿಲ್ಲ ಕಣಮ್ಮ, ಲೆಕ್ಕ ಹಾಕೋಕೇ ಏನೂ ಇರಲಿಲ್ಲ. ಮೊಸರಿದೆಯಾ?"

ನಮಸ್ಕಾರ.